ತಾರೆಯ ಮನೆ ಬಾಗಿಲಲ್ಲಿ ಕ್ಯಾಮೆರಾ: ಓದುಗರ ಪ್ರಶ್ನೆಗಳಿಗೆ ಉತ್ತರ

ಟ್ಯಾಬ್ಲಾಯ್ಡ್ ಪತ್ರಿಕೆಗಳ ನಡವಳಿಕೆ ಮತ್ತು ಹೆಸರುವಾಸಿಗಳ ಖಾಸಗಿ ಬದುಕಿನ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಬಾರಿಯ ಪುಟ ಮೀಸಲು. ಓದುವವರೂ ಕೇಳಿದ್ದಾರೆ, ಸುದ್ದಿಮನೆಯಲ್ಲಿ ಕೂತು ಬರೆಯುವವರೂ ಕೇಳಿದ್ದಾರೆ.

ಪ್ರಶ್ನೆ: ಪ್ರಚಾರ ಬೇಕಾದಾಗ ನಟನಟಿಯರು ತಾವೇ ಕ್ಯಾಮೆರಾದವರನ್ನು ಕರೆಸುತ್ತಾರೆ. ಬೇಡವಾದಾಗ ಖಾಸಗಿತನದ ಮಾತಾಡುತ್ತಾರೆ. ಇದು ಯಾವ ನ್ಯಾಯ?

ಉತ್ತರ: ನ್ಯಾಯವೇ. ಸಂದರ್ಶನಕ್ಕೆ ಒಪ್ಪಿದವರು ಆ ಸಂದರ್ಶನಕ್ಕೆ ಮಾತ್ರ ಒಪ್ಪಿರುತ್ತಾರೆ. ಮದುವೆಯ ಫೋಟೊ ತಾವೇ ಹಂಚಿಕೊಂಡರೆಂದು ಆಸ್ಪತ್ರೆಯ ಹಾಸಿಗೆಯ ಫೋಟೊವನ್ನೂ ಬರೆದುಕೊಟ್ಟಂತಾಗುವುದಿಲ್ಲ.

ಆದರೂ ನಿಮ್ಮ ಸಿಟ್ಟಿನಲ್ಲಿ ಹುರುಳಿದೆ. ವ್ಯಕ್ತಿಯ ಹಿಂದಿನ ನಡವಳಿಕೆಯನ್ನು ನ್ಯಾಯಾಲಯಗಳೂ ತೂಗಿ ನೋಡುತ್ತವೆ. ಮೊನಾಕೊದ ರಾಜಕುಮಾರಿ ಕ್ಯಾರೊಲಿನ್ ಅಂಗಡಿಗೆ ಹೋದದ್ದು, ಕುದುರೆ ಸವಾರಿ ಮಾಡಿದ್ದು, ಕಡಲತೀರದ ಕ್ಲಬ್ಬಿನಲ್ಲಿ ಮುಗ್ಗರಿಸಿದ್ದು ಎಲ್ಲವನ್ನೂ ಜರ್ಮನಿಯ ವಾರಪತ್ರಿಕೆಗಳು ಅಚ್ಚು ಹಾಕಿದ್ದವು. 2004ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು. ಸಾರ್ವಜನಿಕ ಮಹತ್ವದ ಚರ್ಚೆಗೆ ಈ ಚಿತ್ರಗಳಿಂದ ಏನು ಸಿಕ್ಕಿತು ಎಂಬುದೇ ಅಲ್ಲಿ ನಿರ್ಣಾಯಕವಾಯಿತು. 2012ರಲ್ಲಿ ಅದೇ ನ್ಯಾಯಾಲಯ ಅದೇ ರಾಜಕುಮಾರಿಯ ಇನ್ನೊಂದು ದೂರನ್ನು ಒಪ್ಪಲಿಲ್ಲ. ಸ್ಕೀಯಿಂಗ್ ರಜೆಯ ಆ ಫೋಟೊ, ರಾಜ್ಯದ ದೊರೆಯಾಗಿದ್ದ ತಂದೆಯ ಕಾಯಿಲೆಯನ್ನು ಕುಟುಂಬ ಹೇಗೆ ನಿಭಾಯಿಸುತ್ತಿದೆ ಎಂಬ ಬರಹದ ಜೊತೆಗೆ ಬಂದಿತ್ತು. ಅದೇ ದಿನ ಇನ್ನೊಂದು ತೀರ್ಪಿನಲ್ಲಿ ನ್ಯಾಯಾಲಯ ತನ್ನ ಅಳತೆಗೋಲುಗಳನ್ನು ಬಿಡಿಸಿ ಹೇಳಿತು: ಚರ್ಚೆಗೆ ಕೊಡುಗೆ ಏನು, ವ್ಯಕ್ತಿ ಎಷ್ಟು ಪರಿಚಿತ, ಹಿಂದೆ ಹೇಗೆ ನಡೆದುಕೊಂಡಿದ್ದಾರೆ, ಮಾಹಿತಿ ಹೇಗೆ ಸಿಕ್ಕಿತು ಮತ್ತು ಅದು ನಿಜವೇ, ಬರಹದ ರೂಪ ಮತ್ತು ಪರಿಣಾಮವೇನು, ವಿಧಿಸಿದ ದಂಡ ಎಷ್ಟು ಕಠಿಣ. ಪ್ರಚಾರಕ್ಕೆ ಕ್ಯಾಮೆರಾ ಕರೆಸಿದ್ದು ಇದರಲ್ಲಿ ಒಂದು ಅಂಶ ಮಾತ್ರ. ಅದೊಂದರಿಂದಲೇ ಉಳಿದ ಐದು ಬಿದ್ದುಹೋಗುವುದಿಲ್ಲ.

ನಮ್ಮ ಸುಪ್ರೀಂ ಕೋರ್ಟ್ 1994ರ ರಾಜಗೋಪಾಲ್ ಪ್ರಕರಣದಲ್ಲೇ ಈ ಗೆರೆ ಎಳೆದಿದೆ. ಮದುವೆ, ಸಂಸಾರ, ತಾಯ್ತನ, ಮಕ್ಕಳು, ಓದು ಮುಂತಾದವುಗಳ ಬಗ್ಗೆ ಒಪ್ಪಿಗೆ ಇಲ್ಲದೆ ಪ್ರಕಟಿಸುವಂತಿಲ್ಲ. ಸಾರ್ವಜನಿಕ ದಾಖಲೆಯಲ್ಲಿ ಇರುವುದನ್ನು ಬರೆಯಬಹುದು, ಆದರೆ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಹೆಸರಿಗೆ ಆ ಸಡಿಲಿಕೆ ಇಲ್ಲ. ತಾನಾಗಿಯೇ ವಿವಾದಕ್ಕೆ ಇಳಿದವರ ವಿಷಯ ಬೇರೆಯಾಗಬಹುದು ಎಂದೂ ಕೋರ್ಟ್ ಹೇಳಿದೆ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು.

ಪ್ರಶ್ನೆ: ಒಂದು ಸುದ್ದಿ ಜಾಲತಾಣದಲ್ಲಿ ಉಪಸಂಪಾದಕಿ ನಾನು. ನಟಿಯೊಬ್ಬರು ಚಿಕಿತ್ಸಾ ಕೇಂದ್ರದಿಂದ ಹೊರಬರುವ ಫೋಟೊಗಳು ರಾತ್ರಿ ಡೆಸ್ಕಿಗೆ ಬಂದಿವೆ ಎಂದಿಟ್ಟುಕೊಳ್ಳಿ. ತೆಗೆದದ್ದು ಬೀದಿಯಲ್ಲಿ ನಿಂತು. ಉಳಿದ ತಾಣಗಳು ಆಗಲೇ ಹಾಕಿವೆ. ಹಾಕಬಹುದೇ ಎಂದು ತೀರ್ಮಾನಿಸುವುದು ಹೇಗೆ?

ಉತ್ತರ: ಹೆಚ್ಚುಕಡಿಮೆ ಇದೇ ಸಂಗತಿ 2001ರಲ್ಲಿ ಬ್ರಿಟನ್ನಿನ 'ಡೈಲಿ ಮಿರರ್' ಮುಂದೆ ಬಂದಿತ್ತು. ರೂಪದರ್ಶಿ ನವೋಮಿ ಕ್ಯಾಂಪ್‌ಬೆಲ್ ವ್ಯಸನಮುಕ್ತಿ ಸಭೆಯಿಂದ ಹೊರಬರುವ ಚಿತ್ರವನ್ನು ಪತ್ರಿಕೆ ಹಾಕಿತು. 2004ರಲ್ಲಿ, ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ 3-2ರ ಬಹುಮತದಲ್ಲಿ ಅವರ ಪರ ನಿಂತಿತು. ಈ ತೀರ್ಪನ್ನು ಪ್ರತಿ ಡೆಸ್ಕೂ ಓದಬೇಕು. ಅದು ಸುದ್ದಿಯನ್ನು ಇಡಿಯಾಗಿ ಹಿಡಿಯದೆ ಐದು ತುಂಡು ಮಾಡಿತು: ಆಕೆಗೆ ಮಾದಕ ವ್ಯಸನವಿತ್ತು, ಚಿಕಿತ್ಸೆ ಪಡೆಯುತ್ತಿದ್ದರು, ಆ ಚಿಕಿತ್ಸೆ ನಾರ್ಕೋಟಿಕ್ಸ್ ಅನಾನಿಮಸ್ ಸಂಸ್ಥೆಯಲ್ಲಿ, ಎಷ್ಟು ದಿನದಿಂದ ಮತ್ತು ಎಷ್ಟು ಬಾರಿ ಹೋಗುತ್ತಿದ್ದರು, ಜೊತೆಗೆ ಫೋಟೊ. ತಾನು ಮಾದಕವಸ್ತು ಮುಟ್ಟುವುದಿಲ್ಲ ಎಂದು ಆಕೆ ಬಹಿರಂಗವಾಗಿ ಹೇಳಿಕೊಂಡಿದ್ದರಿಂದ ಮೊದಲ ಎರಡನ್ನು ಬರೆಯಲು ಪತ್ರಿಕೆಗೆ ಹಕ್ಕಿತ್ತು. ಉಳಿದ ಮೂರಕ್ಕೆ ಇರಲಿಲ್ಲ. ಪರಿಹಾರ ಸಿಕ್ಕಿದ್ದು ಕೇವಲ 3,500 ಪೌಂಡ್. ಆದರೆ ಆಕೆಯ ವಕೀಲರ ವೆಚ್ಚದ ಲೆಕ್ಕ ಹತ್ತು ಲಕ್ಷ ಪೌಂಡ್ ದಾಟಿ ಪತ್ರಿಕೆಯ ಮುಂದೆ ಬಂತು.

ನೀವೂ ಹಾಗೇ ಮಾಡಿ. ಸುದ್ದಿಯನ್ನು ಒಂದು ಸಾಲಿಗೆ ಒಂದು ಸಂಗತಿಯಂತೆ ಹಾಳೆಯ ಮೇಲೆ ಒಡೆದು ಬರೆಯಿರಿ. ಪ್ರತಿ ಸಾಲಿನ ಎದುರು, ಇದು ಹೇಗೆ ತಿಳಿಯಿತು ಮತ್ತು ಈ ಸಾಲನ್ನು ಕಿತ್ತರೆ ಓದುಗರ ಹಿತಕ್ಕೆ ಏನು ನಷ್ಟ ಎಂದು ಬರೆಯಿರಿ. ಎರಡನೆಯದಕ್ಕೆ ಉತ್ತರ ಹೊಳೆಯದಿದ್ದರೆ ಆ ಸಾಲು ಹೋಗಲಿ. ಆರೋಗ್ಯ, ಗರ್ಭ, ಲೈಂಗಿಕತೆ, ಮಕ್ಕಳು: ಈ ನಾಲ್ಕರಲ್ಲಿ ಯಾವುದಾದರೂ ಸುದ್ದಿಯಲ್ಲಿದ್ದರೆ ನಿರ್ಧಾರ ಒಬ್ಬರೇ ಮಾಡಬೇಡಿ. ಎಷ್ಟೇ ಹೊತ್ತಾಗಿದ್ದರೂ ಮೇಲಿನವರನ್ನು ಎಬ್ಬಿಸಿ.

ಇನ್ನು ಫೋಟೊ. ವಾಟ್ಸಾಪಿನಲ್ಲಿ ಬಂದ ಪ್ರತಿಯ ಮೇಲೆ ತೀರ್ಮಾನ ಬೇಡ, ಏಕೆಂದರೆ ಅದರಲ್ಲಿ ಸಮಯ, ಲೆನ್ಸ್, ಸ್ಥಳದ ಮಾಹಿತಿ ಅಳಿಸಿಹೋಗಿರುತ್ತದೆ. ಮೂಲ ಫೈಲ್ ತರಿಸಿ. ಛಾಯಾಗ್ರಾಹಕ ನಿಂತದ್ದು ಎಲ್ಲಿ? ಬೀದಿಯಲ್ಲಿ ನಿಂತಿದ್ದೂ ಕಿಟಕಿಯೊಳಕ್ಕೆ ಲೆನ್ಸ್ ಹಾಯಿಸಿದ್ದರೆ ಬೀದಿಯ ನೆಪ ನಿಲ್ಲುವುದಿಲ್ಲ. ತೆಗೆಯಬೇಡಿ ಎಂದು ಹೇಳಿದ ಮೇಲೂ ತೆಗೆದರೇ? ಕಾರನ್ನು ಬೆನ್ನಟ್ಟಿದರೇ? 1997ರ ಆಗಸ್ಟ್ 31ರಂದು ಪ್ಯಾರಿಸ್ ಸುರಂಗದಲ್ಲಿ ಕಾರು ಅಪಘಾತಕ್ಕೀಡಾಗಿ, ಬಳಿಕ ಆಸ್ಪತ್ರೆಯಲ್ಲಿ ರಾಜಕುಮಾರಿ ಡಯಾನಾ ತೀರಿಕೊಂಡರು. ಕುಡಿದ ಚಾಲಕನ ಜೊತೆಗೆ ಹಿಂಬಾಲಿಸುತ್ತಿದ್ದ ವಾಹನಗಳ ಘೋರ ನಿರ್ಲಕ್ಷ್ಯವನ್ನೂ 2008ರ ತನಿಖಾ ಜ್ಯೂರಿ ಕಾರಣವೆಂದಿತು. ಆ ಸಾವಿನ ಬಳಿಕ, ಬೆನ್ನಟ್ಟಿ ತೆಗೆದ ಚಿತ್ರಗಳ ಬಗ್ಗೆ ಬ್ರಿಟನ್ನಿನ ಸಂಪಾದಕರ ಸಂಹಿತೆ ಬಿಗಿಯಾಯಿತು. ಬೆನ್ನಟ್ಟುವವರು ಇರುವುದು ಕೊಳ್ಳುವ ಡೆಸ್ಕ್ ಇರುವುದರಿಂದ ಎಂಬುದನ್ನು ಮರೆಯಬಾರದು.

ಫೋಟೊ ಸುಳ್ಳು ಹೇಳುವ ಬಗೆಯೂ ನಿಮಗೆ ಗೊತ್ತಿರಬೇಕು. ದೂರ ನಿಂತು 400 ಅಥವಾ 600 ಮಿ.ಮೀ. ಲೆನ್ಸಿನಲ್ಲಿ ತೆಗೆದರೆ ಹಿಂದೆ ಮುಂದೆ ನಿಂತ ಇಬ್ಬರ ನಡುವಿನ ಅಂತರ ಕುಗ್ಗಿ ಕಾಣುತ್ತದೆ. ಆರು ಹೆಜ್ಜೆ ದೂರ ಇದ್ದವರು ಮೈಗೆ ಮೈ ತಾಗಿಸಿ ನಿಂತಂತೆ ತೋರುತ್ತಾರೆ. ಒಂದು ಸೆಕೆಂಡಿಗೆ ಹತ್ತಿಪ್ಪತ್ತು ಚಿತ್ರ ತೆಗೆಯುವ ಕ್ಯಾಮೆರಾದಲ್ಲಿ ಕಣ್ಣು ಅರ್ಧ ಮುಚ್ಚಿದ ಒಂದು ಫ್ರೇಮ್ ಸಿಕ್ಕೇ ಸಿಗುತ್ತದೆ. ಅದಕ್ಕೆ 'ಅಮಲಿನಲ್ಲಿ ತೂರಾಡಿದ ನಟಿ' ಎಂದು ಅಡಿಬರಹ ಹಾಕುವುದು ಅನ್ಯಾಯ. ಹಿಂದು ಮುಂದಿನ ಎಲ್ಲ ಫ್ರೇಮ್‌ಗಳನ್ನೂ ತರಿಸಿ ನೋಡಿ. ಹಿನ್ನೆಲೆಯಲ್ಲಿ ಬೇರೆ ರೋಗಿಗಳು, ಕಾರಿನ ನಂಬರ್ ಪ್ಲೇಟು, ಮನೆಯ ಸಂಖ್ಯೆ ಇದ್ದರೆ ಅವು ಹೋಗಬೇಕು.

ಆಕೆಗೆ ಅಥವಾ ಆಕೆಯ ಪರವಾಗಿ ಮಾತಾಡುವವರಿಗೆ ನಿರ್ದಿಷ್ಟ ಪ್ರಶ್ನೆಗಳನ್ನು ಬರೆದು ಕಳುಹಿಸಿ. ಪ್ರಕಟಣೆಗೆ ಹತ್ತು ನಿಮಿಷ ಮೊದಲು ಒಂದು ಮಿಸ್ಡ್ ಕಾಲ್ ಕೊಟ್ಟು 'ಪ್ರತಿಕ್ರಿಯೆಗೆ ಸಿಗಲಿಲ್ಲ' ಎಂದು ಬರೆಯುವುದು ಓದುಗರಿಗೂ ಮಾಡುವ ಮೋಸ. ಮುಂಚೆಯೇ ತಿಳಿಸಬೇಕೆಂಬ ಕಾನೂನು ಕಡ್ಡಾಯವಿಲ್ಲ ಎಂದು 2011ರಲ್ಲಿ ಮೋಸ್ಲಿ ಪ್ರಕರಣದಲ್ಲಿ ಯುರೋಪಿನ ನ್ಯಾಯಾಲಯ ಹೇಳಿದೆ, ನಿಜ. ಆದರೆ ಒಮ್ಮೆ ಹೊರಬಿದ್ದ ಗುಟ್ಟನ್ನು ಯಾವ ಪರಿಹಾರವೂ ಹಿಂದಕ್ಕೆ ತರದು. ಹಾಗಾಗಿಯೇ ಮುಂಚಿತವಾಗಿ ಕೇಳುವುದು ನಮ್ಮ ಕಸುಬಿನ ಮೊದಲ ಕರ್ತವ್ಯ ಎನ್ನುತ್ತೇವೆ.

ಉಳಿದವರು ಹಾಕಿದ್ದಾರೆ ಎಂಬುದು ನಿಮಗೆ ರಕ್ಷಣೆಯಾಗದು. 2016ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಒಬ್ಬ ಅನಾಮಿಕ ಖ್ಯಾತನಾಮರ ಪ್ರಕರಣದಲ್ಲಿ, ವಿಷಯ ವಿದೇಶಿ ಪತ್ರಿಕೆಗಳಲ್ಲೂ ಇಂಟರ್ನೆಟ್‌ನಲ್ಲೂ ಹರಡಿದ್ದರೂ ತಡೆಯಾಜ್ಞೆ ಮುಂದುವರಿಸಿತು. ಗುಟ್ಟು ರಟ್ಟಾಗಿದ್ದರೂ ಪ್ರತಿ ಹೊಸ ಪ್ರಕಟಣೆ ಮನೆಯೊಳಕ್ಕೆ ಮತ್ತೊಮ್ಮೆ ನುಗ್ಗಿದಂತೆಯೇ ಎಂಬುದು ಅದರ ತರ್ಕ.

ಪ್ರಶ್ನೆ: 'ಎನ್ನಲಾಗಿದೆ', 'ಗುಸುಗುಸು ಕೇಳಿಬರುತ್ತಿದೆ' ಎಂದು ಸೇರಿಸಿದರೆ, ಇಲ್ಲವೇ ಶೀರ್ಷಿಕೆಯ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ಕಾನೂನಿನ ತೊಂದರೆ ಇರುವುದಿಲ್ಲವಂತೆ. ಹೌದೇ?

ಉತ್ತರ: ಇಲ್ಲ. ಗಾಳಿಸುದ್ದಿಯನ್ನು ಹುಟ್ಟಿಸಿದವರಷ್ಟೇ ಹೊಣೆ ಅದನ್ನು ದಾಟಿಸಿದವರದ್ದೂ. ವ್ಯಂಗ್ಯವಾಗಿ, ಇಲ್ಲವೇ 'ಇದೋ ಅದೋ' ಎಂಬ ಧಾಟಿಯಲ್ಲಿ ಹೊರಿಸಿದ ಆರೋಪವೂ ಮಾನನಷ್ಟವಾಗಬಹುದೆಂದು ಹಳೆಯ ದಂಡಸಂಹಿತೆಯ 499ನೇ ಕಲಂ ವಿವರಣೆಯಲ್ಲೇ ಹೇಳಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಅದನ್ನೇ ಮುಂದುವರಿಸಿದೆ. 'ನಟನ ಸಂಸಾರದಲ್ಲಿ ಬಿರುಕು?' ಎಂಬ ಶೀರ್ಷಿಕೆ ಓದಿದವರ ತಲೆಯಲ್ಲಿ ಉಳಿಯುವುದು ಬಿರುಕು, ಚಿಹ್ನೆ ಉದುರಿಹೋಗುತ್ತದೆ.

ಹೆಸರು ಬಿಟ್ಟು ಸುಳಿವು ಕೊಡುವುದು ಇನ್ನೂ ಕೆಟ್ಟದ್ದು. ಪರಿಚಯದವರಿಗೆ ಗುರುತು ಸಿಕ್ಕರೆ ಸಾಕು, ಹೆಸರು ಹಾಕಲಿಲ್ಲ ಎಂಬ ಸಮರ್ಥನೆ ಬೀಳುತ್ತದೆ. ಮೇಲಾಗಿ 'ಇತ್ತೀಚೆಗೆ ಮದುವೆಯಾದ, ಎರಡು ಹಿಟ್ ಕೊಟ್ಟ ನಾಯಕಿ' ಎಂದರೆ ಆ ವರ್ಣನೆಗೆ ಹೊಂದುವ ನಾಲ್ಕೈದು ಹೆಂಗಸರ ಮೇಲೂ ಅನುಮಾನ ಹರಿದಾಡುತ್ತದೆ. ಏನೂ ಮಾಡದವರು ತಮ್ಮ ಮನೆಯಲ್ಲಿ ಉತ್ತರ ಹೇಳಬೇಕಾಗುತ್ತದೆ. 'ಮೂಲಗಳ ಪ್ರಕಾರ' ಎಂದು ಬರೆಯುವ ಮೊದಲು ಆ ಮೂಲ ಯಾರು, ಅವರಿಗೆ ನೇರವಾಗಿ ಗೊತ್ತೇ, ಹೇಳುವುದರಿಂದ ಅವರಿಗೇನು ಲಾಭ ಎಂಬುದು ಸಂಪಾದಕರೊಬ್ಬರಿಗಾದರೂ ತಿಳಿದಿರಲಿ.

ಪ್ರಶ್ನೆ: ಬ್ರಿಟನ್ನಿನ ಪತ್ರಿಕೆಗಳು ಫೋನ್ ಕದ್ದು ಕೇಳಿದವು ಎನ್ನುತ್ತಾರೆ. ತಾಂತ್ರಿಕವಾಗಿ ಹೇಗೆ ಸಾಧ್ಯವಾಯಿತು? ಈಗಲೂ ಆಗಬಹುದೇ?

ಉತ್ತರ: ಅವರು ಕದ್ದು ಕೇಳಿದ್ದು ನಡೆಯುತ್ತಿದ್ದ ಮಾತುಕತೆಯನ್ನಲ್ಲ, ಕರೆ ಎತ್ತದಿದ್ದಾಗ ಧ್ವನಿ ಸಂದೇಶ ಹಿಡಿದಿಡುವ ವಾಯ್ಸ್‌ಮೇಲ್‌ನಲ್ಲಿ ಉಳಿದ ಸಂದೇಶಗಳನ್ನು. ಕಂಪನಿ ಕೊಟ್ಟ ನಾಲ್ಕಂಕಿಯ ಗುಪ್ತಸಂಖ್ಯೆಯನ್ನು ಹೆಚ್ಚಿನ ಗ್ರಾಹಕರು ಬದಲಿಸುತ್ತಲೇ ಇರಲಿಲ್ಲ. ಒಬ್ಬ ಕರೆ ಮಾಡಿ ಲೈನ್ ಹಿಡಿದಿಟ್ಟರೆ ಎರಡನೆಯವನ ಕರೆ ವಾಯ್ಸ್‌ಮೇಲ್‌ಗೆ ಹೋಗುತ್ತಿತ್ತು. ಅವನು ಆ ಸಂಖ್ಯೆ ಒತ್ತಿ ಒಳಹೊಗುತ್ತಿದ್ದ. ಗುಟ್ಟು ಬಯಲಾದದ್ದು ಚಿಕ್ಕ ಸುಳಿವಿನಿಂದ. 2005ರಲ್ಲಿ ರಾಜಕುಮಾರ ವಿಲಿಯಂನ ಮಂಡಿನೋವಿನ ಸುದ್ದಿ 'ನ್ಯೂಸ್ ಆಫ್ ದಿ ವರ್ಲ್ಡ್'ನಲ್ಲಿ ಬಂತು. ತಾವಿನ್ನೂ ಕೇಳದ ಸಂದೇಶಗಳು ಕೇಳಿದವುಗಳ ಸಾಲಿಗೆ ಸೇರಿದ್ದನ್ನು ಅರಮನೆಯ ಸಿಬ್ಬಂದಿ ಗಮನಿಸಿದರು. 2007ರಲ್ಲಿ ಪತ್ರಿಕೆಯ ವರದಿಗಾರನಿಗೆ 4 ತಿಂಗಳು, ಖಾಸಗಿ ಪತ್ತೇದಾರನಿಗೆ 6 ತಿಂಗಳು ಜೈಲಾಯಿತು. ಒಬ್ಬ ದಾರಿತಪ್ಪಿದ ವರದಿಗಾರನ ಕೆಲಸವಿದು ಎಂದು ಸಂಸ್ಥೆ ವರ್ಷಗಟ್ಟಲೆ ಹೇಳಿತು. ಕೊಲೆಯಾದ ಶಾಲಾ ಬಾಲಕಿಯೊಬ್ಬಳ ಫೋನಿನ ಸಂದೇಶಗಳನ್ನೂ ಕೇಳಿದ್ದರೆಂದು 2011ರಲ್ಲಿ ಹೊರಬಂದಾಗ ಆ ಮಾತು ಕುಸಿಯಿತು. 168 ವರ್ಷದ ಪತ್ರಿಕೆ ಆ ಜುಲೈಯಲ್ಲಿ ಮುಚ್ಚಿತು. 2012ರ ನವೆಂಬರಿನಲ್ಲಿ, ಬ್ರಿಟನ್ನಿನ ಪತ್ರಿಕೆಗಳ ನಡವಳಿಕೆಯ ವಿಚಾರಣೆ ನಡೆಸಿದ ನ್ಯಾಯಮೂರ್ತಿ ಲೆವೆಸನ್ ಸುಮಾರು 2,000 ಪುಟಗಳ ವರದಿ ಕೊಟ್ಟರು. 2014ರಲ್ಲಿ ಮಾಜಿ ಸಂಪಾದಕರಿಗೆ 18 ತಿಂಗಳ ಶಿಕ್ಷೆಯಾಯಿತು. ಇದು ಒಂದೇ ಸಂಸ್ಥೆಯ ರೋಗವಾಗಿರಲಿಲ್ಲ. ಮಿರರ್ ಸಮೂಹದ ವಿರುದ್ಧ ರಾಜಕುಮಾರ ಹ್ಯಾರಿ ಮುಂದಿಟ್ಟ 33 ಲೇಖನಗಳಲ್ಲಿ 15 ಅಕ್ರಮ ಮಾಹಿತಿಯಿಂದ ಹುಟ್ಟಿದವೆಂದು 2023ರ ಡಿಸೆಂಬರಿನಲ್ಲಿ ಲಂಡನ್ ಹೈಕೋರ್ಟ್ ಹೇಳಿ 1,40,600 ಪೌಂಡ್ ಪರಿಹಾರ ಕೊಡಿಸಿತು.

ಈಗ ವಾಯ್ಸ್‌ಮೇಲ್ ಬಳಸುವವರೇ ಕಡಿಮೆ. ಸೋರುವ ಜಾಗಗಳು ಬೇರೆಯಾಗಿವೆ. ಖಾತೆಗಳಿಗೆ ಎರಡು ಹಂತದ ದೃಢೀಕರಣ ಇರಲಿ. ವಾಟ್ಸಾಪಿನಲ್ಲಿ ಜೋಡಿಸಿದ ಸಾಧನಗಳ ಪಟ್ಟಿಯನ್ನು ಆಗಾಗ ನೋಡಿ. ತಂತ್ರಜ್ಞಾನಕ್ಕಿಂತ ದೊಡ್ಡ ತೂತು ಮನುಷ್ಯರದ್ದು: ದಾಖಲೆ ನೋಡಬಲ್ಲ ಸಿಬ್ಬಂದಿ, ದುಡ್ಡಿಗೆ ಸುಳಿವು ಮಾರುವ ಪರಿಚಿತರು. ನಟಿ ಫರ‍್ರಾ ಫಾಸೆಟ್ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿದ್ದಾಗ ವಿವರಗಳು 'ನ್ಯಾಷನಲ್ ಎನ್‌ಕ್ವೈರರ್'ಗೆ ಸೋರುತ್ತಿದ್ದವು. 2007ರಲ್ಲಿ ಕಾಯಿಲೆ ಮರುಕಳಿಸಿದ ವಿಷಯವನ್ನು ಅವರು ಬೇಕೆಂದೇ ಆಪ್ತರಿಂದಲೂ ಮುಚ್ಚಿಟ್ಟರು. ಕೆಲವೇ ದಿನಗಳಲ್ಲಿ ಅದೂ ಅಚ್ಚಾಯಿತು. ಸೋರಿಕೆ ಆಸ್ಪತ್ರೆಯೊಳಗಿನದೇ ಎಂದು ಹಾಗೆ ಖಚಿತವಾಯಿತು, ಸಿಬ್ಬಂದಿಯೊಬ್ಬರು ತಪ್ಪೊಪ್ಪಿಕೊಂಡರು. ಸಾವಿನ ಜೊತೆ ಹೋರಾಡುತ್ತಿದ್ದ ಹೆಂಗಸು ತನ್ನ ಗುಟ್ಟು ಕಾಯಲು ಪತ್ತೇದಾರಿಕೆಯನ್ನೂ ಮಾಡಬೇಕಾಯಿತು ಎಂಬುದು ಈ ಉದ್ಯಮಕ್ಕೆ ಅಂಟಿದ ಕಲೆ.

ಪ್ರಶ್ನೆ: ತಾರೆಯರ ಮಕ್ಕಳ ಫೋಟೊ ಹಾಕುವಾಗ ಮುಖ ಮಸುಕು ಮಾಡಿದರೆ ಸಾಕೇ? ಅಪ್ಪಅಮ್ಮನೇ ಹಾಕಿಕೊಂಡ ಫೋಟೊವಾದರೆ?

ಉತ್ತರ: ಮಸುಕು ಮಾಡುವುದು ಅಗತ್ಯ, ಆದರೆ ಸಾಲದು. ಸಮವಸ್ತ್ರ, ಬ್ಯಾಗಿನ ಮೇಲಿನ ಹೆಸರು, ಶಾಲೆಯ ಗೇಟು, ದಿನವೂ ಹೋಗುವ ಹೊತ್ತು ಕಂಡರೆ ಮಗು ಸಿಗುವ ಜಾಗ ಯಾರಿಗಾದರೂ ತಿಳಿಯುತ್ತದೆ. ಬ್ರಿಟನ್ನಿನ ಸಂಪಾದಕರ ಸಂಹಿತೆ ಸ್ಪಷ್ಟವಾಗಿದೆ: ಹೆತ್ತವರ ಖ್ಯಾತಿಯೊಂದೇ ಮಗುವಿನ ಖಾಸಗಿ ವಿವರ ಪ್ರಕಟಿಸಲು ಕಾರಣವಾಗಕೂಡದು. ಗಾಯಕ ಪಾಲ್ ವೆಲ್ಲರ್ ಮಕ್ಕಳೊಂದಿಗೆ ಬೀದಿಯಲ್ಲಿ ಓಡಾಡುತ್ತಿದ್ದ ಚಿತ್ರಗಳನ್ನು ಮುಖ ಮಸುಕು ಮಾಡದೆ ಹಾಕಿದ್ದಕ್ಕೆ 2014ರಲ್ಲಿ ಲಂಡನ್ ಕೋರ್ಟ್ ಮೂವರು ಮಕ್ಕಳಿಗೆ ಒಟ್ಟು 10,000 ಪೌಂಡ್ ಕೊಡಿಸಿತು. ಅವರಲ್ಲಿ ಇಬ್ಬರು ಹತ್ತು ತಿಂಗಳ ಅವಳಿಗಳು. ಹೆತ್ತವರ ವೃತ್ತಿಯ ಕಾರಣಕ್ಕೆ ಮಗುವನ್ನು ಪೀಡಿಸಿದರೆ ಕ್ಯಾಲಿಫೋರ್ನಿಯಾದಲ್ಲಿ 2014ರಿಂದ ಒಂದು ವರ್ಷದವರೆಗೆ ಜೈಲು.

ಹೆತ್ತವರು ತಾವು ಆಯ್ದ ಒಂದು ಚಿತ್ರ ಹಂಚಿಕೊಂಡರೆ ಆ ಚಿತ್ರದ ಬಗ್ಗೆ ಬರೆಯಬಹುದು. ಅದನ್ನೇ ಪರವಾನಗಿ ಎಂದುಕೊಂಡು ಶಾಲೆಯ ಬಾಗಿಲಲ್ಲಿ ಕಾಯಬಾರದು.

ಪ್ರಶ್ನೆ: ಖ್ಯಾತರೊಬ್ಬರು ಆತ್ಮಹತ್ಯೆ ಮಾಡಿಕೊಂಡಾಗ ಪತ್ರಿಕೆ ಏನೂ ಬರೆಯಬಾರದೇ?

ಉತ್ತರ: ಬರೆಯಬೇಕು, ವಿಧಾನವನ್ನು ಬಿಟ್ಟು. ರಾಬಿನ್ ವಿಲಿಯಮ್ಸ್ 2014ರ ಆಗಸ್ಟಿನಲ್ಲಿ ತೀರಿಕೊಂಡ ನಂತರದ ತಿಂಗಳುಗಳಲ್ಲಿ ಅಮೆರಿಕದಲ್ಲಿ ಆತ್ಮಹತ್ಯೆಗಳು ನಿರೀಕ್ಷೆಗಿಂತ ಸುಮಾರು ಶೇ. 10ರಷ್ಟು, ಅಂದರೆ 1,841 ಹೆಚ್ಚಾದವೆಂದು 2018ರ ಅಧ್ಯಯನವೊಂದು ಲೆಕ್ಕ ಹಾಕಿತು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಹೇಳುವುದೂ ಇದನ್ನೇ: ವಿಧಾನ, ಜಾಗ, ಬರೆದಿಟ್ಟ ಪತ್ರದ ಸಾಲುಗಳು ಬೇಡ, ಶೀರ್ಷಿಕೆಯಲ್ಲಿ ಆ ಪದ ಬೇಡ, ಒಂದೇ ಕಾರಣಕ್ಕೆ ಸಾವನ್ನು ಕಟ್ಟಬೇಡಿ, ಸಹಾಯ ಸಿಗುವ ಜಾಗ ತಿಳಿಸಿ. ಮನೆಯವರಿಗೆ ಸುದ್ದಿ ಮುಟ್ಟುವ ಮೊದಲು ಹೆಸರು ಹೋಗಬಾರದು. ಉಳಿದ ಗೆಳೆಯ, ಗೆಳತಿ, ಸಂಗಾತಿಯನ್ನು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸುವ ಚರ್ಚೆಗಳಿಗೆ ಯಾವ ಸಮರ್ಥನೆಯೂ ಇಲ್ಲ.

ಪ್ರಶ್ನೆ: ನಾನು ನಟನೇನಲ್ಲ. ಆದರೆ ಖ್ಯಾತರೊಬ್ಬರ ಜೊತೆ ಫೋಟೊದಲ್ಲಿದ್ದೆ ಎಂಬ ಕಾರಣಕ್ಕೆ ಒಂದು ಪತ್ರಿಕೆ ನನ್ನ ಬಗ್ಗೆ ಏನೇನೋ ಬರೆದರೆ ಏನು ಮಾಡಲಿ? ತಿದ್ದುಪಡಿ ಹಾಕಿದರೂ ಯಾರು ಓದುತ್ತಾರೆ?

ಉತ್ತರ: ಮೊದಲ ಗಂಟೆಯಲ್ಲಿ ಉತ್ತರ ಬರೆಯುವ ಬದಲು ಸಾಕ್ಷ್ಯ ಕೂಡಿಡಿ. ಪೂರ್ತಿ ಪುಟದ ಸ್ಕ್ರೀನ್‌ಶಾಟ್, ವಿಳಾಸ, ದಿನಾಂಕ, ಸಮಯ ಇರಲಿ. ಅಚ್ಚಾದದ್ದಾದರೆ ಇಡೀ ಸಂಚಿಕೆಯೇ ಇರಲಿ. ಆಮೇಲೆ, ಬರೆದದ್ದು ಸುಳ್ಳೇ, ಅಥವಾ ನಿಜವಿದ್ದೂ ಅವರಿಗೆ ಸಂಬಂಧಪಡದ್ದೇ ಎಂದು ಬೇರ್ಪಡಿಸಿ. ಸುಳ್ಳಾದರೆ ಅದು ಮಾನನಷ್ಟದ ದಾರಿ. ನಿಜವಾಗಿದ್ದರೆ ಖಾಸಗಿತನದ ದಾರಿ. ಅಲ್ಲಿ 'ನಾವು ಸತ್ಯವನ್ನೇ ಬರೆದೆವು' ಎಂಬ ಉತ್ತರ ಪತ್ರಿಕೆಯನ್ನು ಕಾಯುವುದಿಲ್ಲ. ಎರಡನ್ನೂ ಬೆರೆಸಿ ದೂರು ಬರೆದವರು ಎರಡರಲ್ಲೂ ಸೋಲುವುದುಂಟು.

ಸಂಪಾದಕರಿಗೆ ಪತ್ರ ಬರೆದು ಯಾವ ವಾಕ್ಯ ತಪ್ಪು, ಯಾಕೆ, ಏನಾಗಬೇಕು ಎಂದು ಒಂದೊಂದಾಗಿ ಹೇಳಿ. ಪ್ರೆಸ್ ಕೌನ್ಸಿಲ್ ಆಫ್ ಇಂಡಿಯಾಕ್ಕೆ ಹೋಗುವ ಮೊದಲು ಈ ಪತ್ರ ಕಡ್ಡಾಯ. ದಿನಪತ್ರಿಕೆ, ವಾರಪತ್ರಿಕೆಯಾದರೆ ಪ್ರಕಟವಾದ 2 ತಿಂಗಳೊಳಗೆ, ಉಳಿದವಕ್ಕೆ 4 ತಿಂಗಳೊಳಗೆ ದೂರು ಮುಟ್ಟಬೇಕು. ಅದೇ ವಿಷಯ ಕೋರ್ಟಿನಲ್ಲಿ ಇಲ್ಲ ಎಂಬ ಘೋಷಣೆಯೂ ಜೊತೆಗಿರಬೇಕು. ಕೌನ್ಸಿಲ್ ಎಚ್ಚರಿಕೆ ಕೊಡಬಹುದು, ಖಂಡಿಸಬಹುದು. ದಂಡ ಹಾಕುವ ಅಧಿಕಾರ ಅದಕ್ಕಿಲ್ಲ, ಟಿವಿ ವಾಹಿನಿಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಪರಿಹಾರ ಬೇಕಿದ್ದರೆ ಸಿವಿಲ್ ಕೋರ್ಟೇ ಗತಿ.

ಕೋರ್ಟಿಗೆ ಹೋಗುವ ಮುನ್ನ ವಿಷಯ ಎಷ್ಟು ಹರಡಿದೆ ನೋಡಿ. ತನ್ನ ಮನೆ ಕಾಣುವ ಕರಾವಳಿ ಫೋಟೊವನ್ನು ಒಂದು ಜಾಲತಾಣದಿಂದ ತೆಗೆದುಹಾಕಿಸಲು ಅಮೆರಿಕದ ಗಾಯಕಿ ಬಾರ್ಬ್ರಾ ಸ್ಟ್ರೈಸಾಂಡ್ 2003ರಲ್ಲಿ 5 ಕೋಟಿ ಡಾಲರ್ ದಾವೆ ಹೂಡಿದರು. ಅಲ್ಲಿಯವರೆಗೆ ಅದನ್ನು ಇಳಿಸಿಕೊಂಡದ್ದು 6 ಬಾರಿ, ಅದರಲ್ಲಿ 2 ಅವರ ವಕೀಲರೇ. ದಾವೆಯ ಸುದ್ದಿಯಾದ ತಿಂಗಳಲ್ಲಿ ಆ ತಾಣಕ್ಕೆ 4,20,000ಕ್ಕೂ ಹೆಚ್ಚು ಭೇಟಿ. ಸಣ್ಣ ತಾಣದಲ್ಲಿ ನೂರು ಜನ ನೋಡಿದ ಬರಹಕ್ಕೆ ಸದ್ದಿಲ್ಲದ ಪತ್ರವೇ ಮೇಲು.

ತಿದ್ದುಪಡಿಯ ಬಗ್ಗೆ ನಿಮ್ಮ ಅನುಮಾನ ಸರಿ. ಮುಖಪುಟದ ಸುಳ್ಳಿಗೆ ಒಳಪುಟದ ಮೂಲೆಯಲ್ಲಿ ಎರಡು ಸಾಲಿನ ವಿಷಾದ ಸಮನಾಗದು. ಹಾಗಾಗಿ 'ತಿದ್ದುಪಡಿ ಹಾಕಿ' ಎಂದಷ್ಟೇ ಬರೆಯಬೇಡಿ. ತಪ್ಪು ಬಂದ ಪುಟದಲ್ಲೇ, ಅದೇ ಅಂಕಣದಲ್ಲೇ ಬೇಕೆಂದು ಕೇಳಿ. ಜಾಲತಾಣವಾದರೆ ಹಳೆಯ ಬರಹವನ್ನು ಸದ್ದಿಲ್ಲದೆ ಅಳಿಸಲು ಬಿಡಬೇಡಿ, ಅಳಿಸಿದರೆ ತಪ್ಪು ಹರಡಿದ ಕಡೆ ಸರಿಯಾದದ್ದು ಎಂದೂ ತಲುಪುವುದಿಲ್ಲ. ಅದೇ ವಿಳಾಸದಲ್ಲಿ, ಬರಹದ ತಲೆಯಲ್ಲಿ, ಏನು ತಪ್ಪಾಗಿತ್ತು ಮತ್ತು ಯಾವಾಗ ಸರಿಪಡಿಸಲಾಯಿತು ಎಂಬ ಟಿಪ್ಪಣಿ ಬರಬೇಕು. ಶೀರ್ಷಿಕೆ ಬದಲಿಸಿದರೂ ಲಿಂಕಿನೊಳಗೆ ಹಳೆಯ ಶೀರ್ಷಿಕೆಯ ಪದಗಳು ಹಾಗೇ ಉಳಿಯುವುದುಂಟು, ಅದನ್ನೂ ಬದಲಿಸಲು ಹೇಳಿ. ಫೇಸ್‌ಬುಕ್, ಎಕ್ಸ್, ಯೂಟ್ಯೂಬ್‌ನಲ್ಲಿ ಹಾಕಿದ ಪೋಸ್ಟುಗಳು, ಥಂಬ್‌ನೇಲ್, ಮೊಬೈಲಿಗೆ ಕಳಿಸಿದ ಅಲರ್ಟ್ ಎಲ್ಲಕ್ಕೂ ತಿದ್ದುಪಡಿ ಅದೇ ದಾರಿಯಲ್ಲಿ ಹೋಗಬೇಕು. ಸರಿಪಡಿಸಿದ ಪುಟವನ್ನು ಮತ್ತೆ ಓದಿಕೊಳ್ಳುವಂತೆ ಸರ್ಚ್ ಎಂಜಿನ್‌ಗೆ ತಿಳಿಸುವುದು ತಾಣದವರ ಕೆಲಸ. ಒಂದು ವಾರ ಬಿಟ್ಟು ನಿಮ್ಮ ಹೆಸರನ್ನು ಹುಡುಕಿ ನೋಡಿ. ಹಳೆಯ ಸಾಲು ಇನ್ನೂ ಕಂಡರೆ ಆ ಸ್ಕ್ರೀನ್‌ಶಾಟನ್ನೂ ಲಗತ್ತಿಸಿ ಎರಡನೇ ಪತ್ರ ಬರೆಯಿರಿ.